ರೆಕಾರ್ಡ್ ನಡೀತೈತಿ

ಮೊದಲ ದಿನವೇ ಅವರು ನನ್ನ ಕೈಯಿಂದ ಮೌಸ್ ಕಿತ್ತುಕೊಂಡು ಮಾನಿಟರಿನ ಹಿಂದೆ ಇಟ್ಟುಬಿಟ್ಟರು.

"ಇಲಿ ಹಿಡಕೊಂಡು ಕುಂತ್ರ ಕೆಲಸ ಕಲಿಯಾಂಗಿಲ್ಲ ತಂಗಿ. ಕೀಬೋರ್ಡ್ ಮ್ಯಾಲ ಕೈ ಇಡು."

ನಾನು ಬೆಚ್ಚಿ ಅವರ ಮುಖ ನೋಡಿದೆ. ಮೌಸ್ ಹೋದದ್ದಕ್ಕಲ್ಲ, ಕನ್ನಡ ಕೇಳಿಸಿದ್ದಕ್ಕೆ. ಮದುವೆಯಾಗಿ ಮೈಸೂರು ಬಿಟ್ಟು ಚೆನ್ನೈಗೆ ಬಂದ ಮೇಲೆ ಮನೆಯ ಹೊರಗೆ ನನ್ನ ಕಿವಿಗೆ ಕನ್ನಡ ಬಿದ್ದದ್ದು ಅದೇ ಮೊದಲು. ಅದೂ ರಾಯಪುರಂನಲ್ಲಿ, ಬಂದರಿನ ಗೋಡೆಗೆ ಮುಖಮಾಡಿದ ಹಳೆಯ ಕಟ್ಟಡವೊಂದರ ಮಹಡಿಯ ಮೇಲೆ. ಹಡಗಿನಲ್ಲಿ ಬಂದ ಸರಕು ಒದ್ದೆಯಾಗಿದ್ದರೆ, ಒಡೆದಿದ್ದರೆ, ಕಡಿಮೆ ಬಿದ್ದಿದ್ದರೆ ಅದನ್ನು ಪರಿಶೀಲಿಸಿ ವರದಿ ಕೊಡುವುದು ನಮ್ಮ ಆಫೀಸಿನ ಕೆಲಸ. ಸರ್ವೇಯರುಗಳು ಎಣ್ಣೂರಿಗೋ ಇಲ್ಲಿಯ ಬಂದರಿಗೋ ಹೋಗಿ ನೋಡಿಕೊಂಡು ಬಂದು ತಮಗೆ ತೋಚಿದಂತೆ ಟೈಪ್ ಮಾಡಿ ಕಳಿಸುತ್ತಾರೆ. ಒಬ್ಬರದು ಎಲ್ಲವೂ ದಪ್ಪಕ್ಷರ, ಇನ್ನೊಬ್ಬರದು ಪ್ಯಾರಾವೇ ಇಲ್ಲ. ಅದನ್ನೆಲ್ಲ ಆಫೀಸಿನ ಒಂದೇ ರೂಪಕ್ಕೆ ತಂದು ಹೊರಗೆ ಕಳಿಸುವುದು ನನ್ನ ಮೌಸ್ ಕಿತ್ತುಕೊಂಡವರ ವಿಭಾಗ. ವಿಭಾಗವೆಂದರೆ ಅವರು, ಮತ್ತು ಅಂದಿನಿಂದ ನಾನು.

ಆಫೀಸಿಗೆಲ್ಲ ಅವರು ಮೇಡಂ. ನನಗೆ ಅಕ್ಕ. ಅವರ ತಂದೆ ರಾಯಚೂರಿನ ಕಡೆಯಿಂದ ಮೆಣಸಿನಕಾಯಿ ವ್ಯಾಪಾರಕ್ಕೆ ಬಂದು ರಾಯಪುರಂನಲ್ಲೇ ನೆಲೆ ನಿಂತವರು. ಇವರು ಹುಟ್ಟಿದ್ದು ಇಲ್ಲಿ, ಓದಿದ್ದು ಇಲ್ಲಿ, ಕೂಡಿ ಓದಿದ ತಮಿಳು ಹುಡುಗನನ್ನೇ ಮದುವೆಯಾದದ್ದು. ಅವನು ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು. ಮನೆಯಲ್ಲಿ ತಮಿಳೇ. ಮಗಳಿಗೆ ಕನ್ನಡ ಕಲಿಸಲಿಲ್ಲವಾ ಎಂದು ಕೇಳಿದ್ದಕ್ಕೆ, "ನಮ್ಮವ್ವ ಇದ್ದಾಗ ಕಿವಿಮ್ಯಾಲೆ ಬೀಳ್ತಿತ್ತು. ಆಕಿ ಹೋದಮ್ಯಾಲ ನಾನೇ ಮಾತಾಡೋದು ಬಿಟ್ಟೆ. ಯಾರ ಜೋಡಿ ಮಾತಾಡ್ಲಿ?" ಎಂದಿದ್ದರು. ನನ್ನ ಜೊತೆ ಮಾತಾಡುವಾಗ ಅವರ ಕನ್ನಡದಲ್ಲಿ ಆಮೇಲೆ ಅನ್ನಲು "ಅಪ್ಪುರಂ", ಆಯ್ತಮ್ಮ ಅನ್ನಲು "ಸೆರಿ ಮಾ" ಎಂಬ ತಮಿಳು ಮಾತುಗಳು ನಡುನಡುವೆ ನುಗ್ಗುತ್ತಿದ್ದವು. ಆದರೂ ಊಟದ ಹೊತ್ತಿಗೆ ಡಬ್ಬಿ ತೆರೆದು ಕೂತು, "ನಿನ್ನ ಜೋಡಿ ನಾಕು ಮಾತಾಡಿದ್ರ ಬಾಯಿ ತೊಳಕೊಂಡಂಗ ಆಕ್ಕೈತಿ ನೋಡು" ಎನ್ನುತ್ತಿದ್ದರು.

ನಾನು ಬಿ.ಕಾಂ. ಓದಿದವಳು. ವರ್ಡಿನಲ್ಲಿ ಕಾಗದ ಟೈಪ್ ಮಾಡಿ ಪ್ರಿಂಟ್ ತೆಗೆಯುವುದು ಬಿಟ್ಟರೆ ಬೇರೇನೂ ಬಾರದು. ಅವರೋ, ಅರ್ಧ ಗಂಟೆ ತಿನ್ನುವ ಕೆಲಸವನ್ನು ಒಂದು ಗುಂಡಿ ಒತ್ತಿ ಮುಗಿಸುತ್ತಿದ್ದರು. ಒತ್ತಿದ ಕೂಡಲೇ ಪುಟವೆಲ್ಲ ಗಾಳಿಗೆ ಸಿಕ್ಕಂತೆ ಅಲುಗಾಡಿ, ಶೀರ್ಷಿಕೆಗಳು ತಮ್ಮ ಜಾಗಕ್ಕೆ ಬಂದು, ಕಂಟೇನರಿನ ಸಂಖ್ಯೆಗಳು ದಪ್ಪಗಾಗಿ, ಕೋಷ್ಟಕಗಳಿಗೆ ಗೆರೆ ಬಿದ್ದು ನಿಂತುಬಿಡುತ್ತಿತ್ತು. ಅದಕ್ಕೆ ಮ್ಯಾಕ್ರೊ ಅನ್ನುತ್ತಾರೆ ಎಂದು ಹೇಳಿದರು. ನನಗೆ ಪ್ರೋಗ್ರಾಮ್ ಬರೆಯಲು ಬರಲ್ಲ ಅಕ್ಕ ಎಂದೆ.

"ನನಗೇನು ಬರ್ತಿತ್ತು? ಬರಿಯಾಕ ಬರಲಿಲ್ಲಂದ್ರ ಮಾಡಿ ತೋರ್ಸು. ರೆಕಾರ್ಡ್ ಹಚ್ಚು, ನೀ ದಿನಾ ಮಾಡೋದನ್ನ ಒಮ್ಮೆ ಮಾಡು, ನಿಲ್ಸು. ನೀ ಏನೇನು ಮಾಡಿದಿ ಅನ್ನೋದನ್ನ ಅದು ತನ್ನ ಭಾಷೆಯಾಗ ಬರ್ಕೊಂಡಿರ್ತೈತಿ. ಅಪ್ಪುರಂ ಅದು ಬರ್ದಿದ್ದನ್ನ ನೀ ತೆಗೆದು ಓದು. ಹಂಗ ಕಲಿ."

ನಾನು ಕಲಿತದ್ದು ಹಾಗೆಯೇ. ರೆಕಾರ್ಡ್ ಶುರು ಮಾಡಿದರೆ ತೆರೆಯ ಮೇಲಿನ ಬಾಣದ ಗುರುತಿಗೆ ಸಣ್ಣದೊಂದು ಕ್ಯಾಸೆಟ್ಟಿನ ಚಿತ್ರ ಅಂಟಿಕೊಳ್ಳುತ್ತದೆ. ಅದು ಇರುವಷ್ಟು ಹೊತ್ತು ನಾವು ಕೊಡುವ ಆಜ್ಞೆಗಳೆಲ್ಲ ದಾಖಲಾಗುತ್ತವೆ. ಮೌಸಿನಿಂದ ಅಕ್ಷರಗಳನ್ನು ಹಿಡಿಯಲು ಆಗ ಬಿಡುವುದಿಲ್ಲ, ಕೀಲಿಗಳಿಂದಲೇ ಹಿಡಿಯಬೇಕು. ಮೊದಲ ದಿನದ ಪಾಠದ ಅರ್ಥ ನನಗೆ ಆಗ ತಿಳಿಯಿತು.

ರೆಕಾರ್ಡ್ ಮಾಡುವ ಮುಂಚೆ ಅವರು ಟೀ ಲೋಟವನ್ನು ದೂರ ಸರಿಸಿ, ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು, ಪಂಕ್ತಿಗೆ ಬಡಿಸಲು ಹೊರಟವರಂತೆ. ಆಮೇಲೆ ಫೋನು ಬಡಿದುಕೊಂಡರೂ ಎತ್ತುತ್ತಿರಲಿಲ್ಲ. ತುಟಿಯಲ್ಲೇ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು: "ಮ್ಯಾಲ ಹೋಗು. ಹುಡುಕು. ಹಿಡಿ. ದಪ್ಪ ಮಾಡು. ಬಿಡು." ತಮಿಳು, ಇಂಗ್ಲಿಷು ಒಂದೂ ಬೆರೆಯದ ಕನ್ನಡ ಅವರ ಬಾಯಲ್ಲಿ ಬರುತ್ತಿದ್ದದ್ದು ಆಗ ಮಾತ್ರ. ನಮ್ಮ ಮ್ಯಾನೇಜರು ಹಿಂದೆ ಹಡಗಿನಲ್ಲಿ ಕ್ಯಾಪ್ಟನ್ ಆಗಿದ್ದವರು, ಎಲ್ಲರಿಗೂ ಈಗಲೂ ಕ್ಯಾಪ್ಟನ್ನೇ. ಗಟ್ಟಿ ದನಿಯ ಆ ಮನುಷ್ಯ ಕೂಡ ಅಕ್ಕನ ತುಟಿ ಅಲುಗುತ್ತಿದ್ದರೆ ಬಾಗಿಲಲ್ಲೇ ನಿಂತು ಕಾಯುತ್ತಿದ್ದರು.

ಅನಂತರ ಅದು ಬರೆದುಕೊಂಡದ್ದನ್ನು ತೆಗೆದು ಇಬ್ಬರೂ ಓದುತ್ತಿದ್ದೆವು. "ಇಲ್ನೋಡು, ಕೆಳಗ ಹೋಗೀನಿ, ತಿರುಗಿ ಮ್ಯಾಲ ಬಂದೀನಿ. ಯಾಕ? ಮನಸ್ಸು ಎಲ್ಲೋ ಇತ್ತು. ಅದಕ್ಕ ಅದು ಗೊತ್ತಾಗಂಗಿಲ್ಲ. ಕೈ ಎತ್ತ ಹೋತೋ ಅತ್ತ ಹೊಕ್ಕೈತಿ, ಯಾಕ ಹೋತು ಅಂತ ಕೇಳಂಗಿಲ್ಲ. ನಾವು ತೆಗೀಲಿಲ್ಲಂದ್ರ ಈ ತಪ್ಪು ದಿನಾ ಮಾಡ್ತದ, ನಾವು ಸತ್ತಮ್ಯಾಲೂ ಮಾಡ್ತದ." ಹೇಳಿ ನಗುತ್ತಿದ್ದರು. ಮೊದಲ ಪಾಠಗಳಲ್ಲಿ ಇನ್ನೊಂದು ಇತ್ತು: ರೆಕಾರ್ಡ್ ಮಾಡುವಾಗ ಹಡಗಿನ ಹೆಸರನ್ನು ಟೈಪ್ ಮಾಡಕೂಡದು. ಮಾಡಿದರೆ ಮುಂದೆ ಬರುವ ಪ್ರತಿ ವರದಿಯಲ್ಲೂ ಅದೇ ಹಡಗು ಬಂದು ನಿಲ್ಲುತ್ತದೆ.

ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟುಕೊಂಡು ತುತ್ತು ಎತ್ತದೆ ಕೂತಿದ್ದರು.

"ತಂಗಿ, ನನಗ ಮರೀಲಿಕತ್ತೈತಿ."

"ನಂಗೂ ಅಷ್ಟೇ ಅಕ್ಕ, ಗ್ಯಾಸ್ ಆಫ್ ಮಾಡಿದ್ನೋ ಇಲ್ವೋ ಅಂತ ದಿನಾ ಅರ್ಧ ದಾರೀಲಿ ಯೋಚ್ನೆ."

"ಅದಲ್ಲ." ಅವರು ನನ್ನನ್ನು ನೋಡದೆ ಹೇಳಿದರು. "ನಿನ್ನೆ ಬೀಚ್ ಸ್ಟೇಷನ್ನಿನಾಗ ನಿಂತೆ. ನಾ ದಿನಾ ಮನಿಗೆ ಹೋಗೋ ವೇಲಚೇರಿ ಗಾಡಿ ಬಂತು, ತುಂಬಿತು, ಹೋತು. ಮತ್ತೊಂದು ಬಂತು, ಹೋತು. ನಾ ಯಾವುದು ಹತ್ತಬೇಕು, ಎಲ್ಲಿಗೆ ಹೋಗಬೇಕು ಅನ್ನೋದೇ ತಿಳೀಲಿಲ್ಲ. ಯಾರನ್ನರ ಕೇಳೋಣಂದ್ರ ಏನಂತ ಕೇಳ್ಲಿ?"

ಡಾಕ್ಟರಿಗೆ ತೋರಿಸಿ ಆಗಿತ್ತು. ಮಗಳಿಗೂ ಗೊತ್ತಿತ್ತು. ಕಾಯಿಲೆಯ ಹೆಸರನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

"ನನ್ನ ತಲಿಯಾಗಿರೋ ಕೆಲಸೆಲ್ಲ ಖಾಲಿ ಆಗೋದ್ರೊಳಗ ಇಳಿಸಬೇಕು. ನೀ ಬಾಜೂಕ ಕುಂದ್ರು."

ಅಂದಿನಿಂದ ಮಧ್ಯಾಹ್ನಗಳಲ್ಲಿ ಅವರಿಗೆ ಗೊತ್ತಿದ್ದದ್ದನ್ನೆಲ್ಲ ಒಂದೊಂದಾಗಿ ರೆಕಾರ್ಡ್ ಮಾಡತೊಡಗಿದೆವು. ಅವರು ಮರೆಯುತ್ತಿದ್ದರು, ಅವರ ಕೈ ಮರೆಯುತ್ತಿರಲಿಲ್ಲ. ಮುಂದೇನು ಅಕ್ಕ ಎಂದು ಕೇಳಿದರೆ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಿದ್ದರು. ಕೇಳದೆ ಬಿಟ್ಟರೆ ಬೆರಳುಗಳು ತಾವಾಗಿಯೇ ಹೋಗಿ ಸರಿಯಾದ ಕೀಲಿಗಳ ಮೇಲೆ ಕೂರುತ್ತಿದ್ದವು. "ಕೈಗೆ ಗೊತ್ತೈತಿ, ನನಗ ಗೊತ್ತಿಲ್ಲ" ಎಂದು ಅವರೇ ತಮ್ಮ ಕೈಗಳನ್ನು ಪರರ ಕೈಗಳಂತೆ ನೋಡುತ್ತಿದ್ದರು. ನಾನು ನೋಡುತ್ತಿದ್ದೇನೆಂದು ಗೊತ್ತಾದರೂ ತಡವರಿಸುತ್ತಿದ್ದರು. ಹಾಗಾಗಿ ರೆಕಾರ್ಡ್ ಹಚ್ಚಿ ನಾನು ಕಿಟಕಿಯ ಕಡೆ ತಿರುಗಿಬಿಡುತ್ತಿದ್ದೆ. ಹೊರಗೆ ಬಂದರಿನ ಕ್ರೇನುಗಳು ಪೆಟ್ಟಿಗೆ ಎತ್ತಿ ಇಳಿಸುತ್ತಿದ್ದವು. ಬೆನ್ನ ಹಿಂದೆ ಕೀಲಿಗಳ ಸದ್ದು, ಮತ್ತು ಆ ಪಿಸುಮಾತು: ಹುಡುಕು, ಹಿಡಿ, ಬಿಡು.

ಹಾಗೆ ದಾಖಲಿಸಿದ್ದನ್ನು ಒಂದು ಬೆಳಿಗ್ಗೆ ತೆರೆದು ಅವರ ಮುಂದಿಟ್ಟೆ. ಕನ್ನಡಕ ಏರಿಸಿಕೊಂಡು ಸಾಲು ಸಾಲಾಗಿ ಓದಿದರು. ತಲೆದೂಗಿದರು.

"ಯಾರು ಬರ್ದಿದ್ದು ಇದು?"

"ನೀವೇ ಅಕ್ಕ. ನಿನ್ನೆ."

ಮತ್ತೊಮ್ಮೆ ಮೊದಲ ಸಾಲಿನಿಂದ ಓದಿದರು. ಆಮೇಲೆ, ನಾನು ಹೇಳಿದ್ದು ಕೇಳಿಸಲೇ ಇಲ್ಲವೆಂಬಂತೆ, "ಚಲೋ ಬರ್ದಾರ" ಎಂದರು.

ಇದು ಮುಗಿದದ್ದು ಒಂದು ಹಡಗಿನ ಹೆಸರಿನಿಂದ. ಎಣ್ಣೂರಿಗೆ ಬಂದಿದ್ದ ಕಲ್ಲಿದ್ದಲ ಹಡಗೊಂದರ ವರದಿ ಕ್ಯಾಪ್ಟನ್ ಮೇಜಿಗೆ ಹೋದಾಗ ಅದರಲ್ಲಿ ಗೋಧಿ ತಂದಿದ್ದ ಬೇರೊಂದು ಹಡಗಿನ ಹೆಸರಿತ್ತು. ಅದಕ್ಕೆ ಮುಂಚಿನದರಲ್ಲೂ ಅದೇ ಹೆಸರು. ಸದ್ಯ, ಎರಡೂ ಹೊರಗೆ ಹೋಗಿರಲಿಲ್ಲ. ಕ್ಯಾಪ್ಟನ್ ಕಾಗದಗಳನ್ನು ಹಿಡಿದು ನಮ್ಮ ಕೋಣೆಗೆ ಬಂದರು. ನಾನು ಮ್ಯಾಕ್ರೊ ತೆರೆದು ನೋಡಿದೆ. ಹಿಂದಿನ ವಾರ ಅವರು ಒಬ್ಬರೇ ಕೂತು ಅದನ್ನು ಹೊಸದಾಗಿ ರೆಕಾರ್ಡ್ ಮಾಡಿದ್ದರು, ನಡುವೆ ಹಡಗಿನ ಹೆಸರನ್ನು ಟೈಪ್ ಮಾಡಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು ತಮಿಳಿನಲ್ಲಿ, ಒಂದೇ ದನಿಯಲ್ಲಿ ಹೇಳಿದರು: ತಪ್ಪು ನನ್ನದು, ಈ ಹುಡುಗಿಯದಲ್ಲ. ನನಗೆ ನೆನಪು ಹೋಗುವ ಕಾಯಿಲೆ. ನಾಳೆಯಿಂದ ಬರುವುದಿಲ್ಲ.

ಕ್ಯಾಪ್ಟನ್ ಕೈಯ ಕಾಗದ ಕೆಳಗಿಳಿಯಿತು. "ಉಕ್ಕಾರುಂಗ ಮೇಡಂ, ಮೊದಲ್ಲ ಉಕ್ಕಾರುಂಗ," ಕೂತುಕೊಳ್ಳಿ, ಮೊದಲು ಕೂತುಕೊಳ್ಳಿ ಎಂದು ಅವರೇ ಕುರ್ಚಿ ಎಳೆದು ಕೊಟ್ಟರು. ಅಕ್ಕ ಕೂರಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಅಂದು ಕ್ಯಾಪ್ಟನ್ ತಾವೇ ಕಾರು ಓಡಿಸಿಕೊಂಡು ಅವರನ್ನು ವೇಲಚೇರಿಯ ಮನೆಗೆ ಬಿಟ್ಟು ಬಂದರು. ಬಂದು ನನ್ನ ಬಾಗಿಲಲ್ಲಿ ನಿಂತು, "ಅವರದ್ದು ಒಂದನ್ನೂ ಅಳಿಸಬೇಡ" ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿ ಹೋದರು.

ಅಳಿಸಿಲ್ಲ. ಹಡಗಿನ ಹೆಸರಿನ ಸಾಲೊಂದನ್ನು ತೆಗೆದದ್ದು ಬಿಟ್ಟರೆ ಎಲ್ಲವೂ ಹಾಗೆಯೇ ಇವೆ. ಈಗಲೂ ದಿನಾ ಅವನ್ನೇ ಓಡಿಸುತ್ತೇನೆ. ಅವುಗಳಲ್ಲೊಂದು ಕೋಷ್ಟಕದ ಹತ್ತಿರ ಹೋದಾಗ ಎರಡು ಸಾಲು ಕೆಳಗಿಳಿದು, ಮತ್ತೆ ಮೇಲೇರಿ, ಆಮೇಲೆ ಕೆಲಸ ಶುರುಮಾಡುತ್ತದೆ. ಹೊಸದಾಗಿ ಸೇರಿದವರು, ಅಲ್ಲೇನೋ ಅಲುಗುತ್ತದಲ್ಲ, ಸರಿಮಾಡೋಣವಾ ಎನ್ನುತ್ತಾರೆ. ಬೇಡ ಎನ್ನುತ್ತೇನೆ. ಆ ಅಲುಗಾಟ ಕಂಡಾಗಲೆಲ್ಲ ಪಕ್ಕದ ಕುರ್ಚಿಯ ಕಡೆ ತಿರುಗದೆ ಇರಲು ನನಗೆ ಪ್ರಯತ್ನ ಬೇಕಾಗುತ್ತದೆ.

ಅವರು ಆಫೀಸು ಬಿಟ್ಟು ಕೆಲವು ತಿಂಗಳಾದ ಮೇಲೆ ಮಗಳು ಫೋನ್ ಮಾಡಿದಳು. ಅವಳೂ ಕೆಲಸಕ್ಕೆ ಹೋಗುತ್ತಿದ್ದವಳು, ತಾಯಿಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ತಮಿಳು ಇಂಗ್ಲಿಷು ಬೆರೆಸಿ ಅಳುತ್ತಾ ಹೇಳಿದಳು: ಅಮ್ಮ ತಮಿಳು ಮಾತಾಡುವುದನ್ನೇ ಬಿಟ್ಟಿದ್ದಾರೆ. ಬರೀ ಕನ್ನಡ. ನನಗೆ ಅರ್ಧವೂ ಅರ್ಥವಾಗುವುದಿಲ್ಲ. ಎರಡು ದಿನದಿಂದ ಊಟ ಮುಟ್ಟಿಲ್ಲ. ಅದೇನೋ ಒಂದೇ ಮಾತು ಹೇಳುತ್ತಾರೆ. ನೀವು ಬರುತ್ತೀರಾ ಆಂಟಿ?

ನಮ್ಮ ಮನೆಯೂ ವೇಲಚೇರಿಯಲ್ಲೇ. ಕೂಡಲೇ ಹೋದೆ. ಮಳೆಗಾಲಕ್ಕೆ ನೀರು ನುಗ್ಗುವ ಬೀದಿಯೆಂದು ಅವರು ಮೇಲಿನ ಮಹಡಿಯಲ್ಲೇ ಮನೆ ಹಿಡಿದಿದ್ದರು. ಊಟದ ಮೇಜಿನ ಮುಂದೆ ಅಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಮೈ ಸೆಟೆದು ಕೂತಿದ್ದರು. ಮುಂದೆ ಮೊಸರನ್ನ ಆರಿತ್ತು.

"ಏನಕ್ಕ, ಊಟ ಮಾಡಲ್ವಂತೆ?"

ಅವರು ನನ್ನ ಗುರುತು ಹಿಡಿದರೋ ಇಲ್ಲವೋ ತಿಳಿಯದು. ಕನ್ನಡ ಕೇಳಿ ಕಣ್ಣು ಮಾತ್ರ ನನ್ನತ್ತ ಹೊರಳಿತು. ತುಟಿ ಹೆಚ್ಚು ಅಲುಗದಂತೆ ಹೇಳಿದರು:

"ಸುಮ್ನಿರು. ರೆಕಾರ್ಡ್ ನಡೀತೈತಿ."

"ಅಮ್ಮಾ ಎನ್ನ ಸೊಲ್ರಾಂಗ ಆಂಟಿ?" ಅಮ್ಮ ಏನು ಹೇಳುತ್ತಿದ್ದಾರೆ ಎಂದು ಮಗಳು ನನ್ನ ತೋಳು ಹಿಡಿದಳು. ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ.

"ಯಾರು ಹಚ್ಚಿದ್ರು ಅಕ್ಕ?"

"ಗೊತ್ತಿಲ್ಲ. ಯಾರೂ ನಿಲ್ಸಿಲ್ಲ. ನಾ ಏನು ಮಾಡಿದ್ರೂ ಬರ್ಕೊಳ್ತೈತಿ. ಈಗ ನನ್ನ ಕೈ ಸರಿ ಇಲ್ಲ. ತಟ್ಟಿ ಚೆಲ್ತೀನಿ, ಬಾಯಿಗೆ ಹಾಕೋದು ಮೂಗಿಗೆ ಹತ್ತಿಸ್ತೀನಿ. ಅದು ಹಂಗ ಉಳಕೊಂಡುಬಿಡ್ತೈತಿ ತಂಗಿ. ನನ್ನ ಮಗಳು ದಿನಾ ಅದನ್ನ ನೋಡಬೇಕು. ನಾ ಹೋದಮ್ಯಾಲೂ ನೋಡಬೇಕು. ಬ್ಯಾಡ. ನಾ ಅಲುಗಾಡಂಗಿಲ್ಲ."

ನಾನು ಅದನ್ನು ಮಗಳಿಗೆ ತಮಿಳಿನಲ್ಲಿ ಹೇಳಬೇಕಾಯಿತು. ನನಗೆ ಗೊತ್ತಿದ್ದ ಹರಕು ತಮಿಳಿನಲ್ಲಿ. ಹೇಳಿ ಮುಗಿಸುವಷ್ಟರಲ್ಲಿ ಅವಳು ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟಿದ್ದಳು.

ನಾನು ಮೇಜನ್ನು ಬೆರಳಿನಿಂದ ಒತ್ತಿ, ನಿಲ್ಲಿಸಿದೆ ಅಕ್ಕ ಎಂದೆ. ಅವರು ನಂಬಲಿಲ್ಲ. "ಎಲ್ಲಿ? ಕ್ಯಾಸೆಟ್ ಹೋದದ್ದು ತೋರ್ಸು." ಮಗಳಿಗೆ ಲ್ಯಾಪ್‌ಟಾಪ್ ತರಲು ಹೇಳಿದೆ. ವರ್ಡ್ ತೆರೆದು, ಅವರಿಗೆ ಕಾಣದಂತೆ ರೆಕಾರ್ಡ್ ಹಚ್ಚಿ, ತೆರೆಯನ್ನು ಅವರ ಕಡೆ ತಿರುಗಿಸಿದೆ. ಬಾಣದ ಬಾಲದಲ್ಲಿ ಆ ಪುಟ್ಟ ಕ್ಯಾಸೆಟ್ಟಿತ್ತು. ಅದನ್ನು ಕಂಡದ್ದೇ ಅವರು ಇನ್ನಷ್ಟು ಸೆಟೆದು ಕೂತರು. "ಹೇಳ್ಲಿಲ್ಲೇನು ನಾನು?" ಎಂದರು.

"ಈಗ ನೋಡಿ ಅಕ್ಕ." ನಿಲ್ಲಿಸುವ ಗುಂಡಿ ಒತ್ತಿದೆ. ಕ್ಯಾಸೆಟ್ ಮಾಯವಾಯಿತು.

ಬಹಳ ಹೊತ್ತು ಬರೀ ಬಾಣವನ್ನು ನೋಡುತ್ತಾ ಕೂತಿದ್ದರು. ಆಮೇಲೆ ತೊಡೆಯ ಕೆಳಗಿನಿಂದ ಒಂದು ಕೈ ಹೊರಗೆ ಬಂತು. ಆ ಕೈ ನಡುಗುತ್ತಾ ತಟ್ಟೆಗೆ ಹೋಯಿತು. ಅನ್ನ ಚೆಲ್ಲಿತು, ಗಲ್ಲಕ್ಕೆ ಮೆತ್ತಿತು. ಅವರು ತಲೆಕೆಡಿಸಿಕೊಳ್ಳದೆ, ಹಸಿದ ಮಗುವಿನಂತೆ ತಿಂದರು.

ಮುಂದೆ ಅದು ಆ ಮನೆಯ ನಿತ್ಯದ ವ್ರತವಾಯಿತು. ಪ್ರತಿ ಊಟಕ್ಕೂ, ಸ್ನಾನಕ್ಕೂ, ಮಗಳು ಲ್ಯಾಪ್‌ಟಾಪ್ ತಂದು ಕ್ಯಾಸೆಟ್ ತೋರಿಸಿ, ಮಾಯಮಾಡಿ, ಆಮೇಲೆ ತಾಯಿಯ ಕೈ ಹಿಡಿಯಬೇಕು. ಏನು ಹೇಳಬೇಕೆಂದು ನನ್ನ ಬಳಿ ಬಾಯಿಪಾಠ ಮಾಡಿಕೊಂಡಳು. "ನಿಲ್ಸೀನಿ ಅವ್ವಾ." ಅವಳ ಬಾಯಿಂದ ಬಂದ ಮೊದಲ ಇಡೀ ಕನ್ನಡ ವಾಕ್ಯ ಅದು. ತಾಯಿ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿ, "ಕನ್ನಡದಾಕೀನಾ ನೀನು?" ಎಂದು ಕೇಳಿದರಂತೆ. ಅವಳು ಹೌದು ಎಂದಳಂತೆ. ಭಾನುವಾರಗಳಲ್ಲಿ ನಾನು ಹೋದಾಗ ಇನ್ನಷ್ಟು ಮಾತು ಕೇಳಿ ಕಲಿಯುತ್ತಿದ್ದಳು. ನನ್ನ ಮೈಸೂರು ಮಾತು ಅವಳಿಗೆ ಬೇಡವಾಗಿತ್ತು. "ಅಮ್ಮ ಹೇಳೋ ಹಾಗೆ ಹೇಳಿ ಆಂಟಿ" ಎನ್ನುತ್ತಿದ್ದಳು.

ಅಲ್ಲಿಂದ ಮನೆಗೆ ನಡೆದು ಬರುವಾಗ ನನಗೊಂದು ಭಯ ಹತ್ತಿತು. ಮನೆಯಲ್ಲಿ ನನ್ನ ಮಗನನ್ನು ಗದರಲು ಬಾಯಿ ತೆರೆದಾಗ, ಹಾಲು ಉಕ್ಕಿ ಸಿಡುಕಿದಾಗ, ಎಲ್ಲೋ ಯಾವುದೋ ಅದನ್ನು ಬರೆದುಕೊಳ್ಳುತ್ತಿದೆ ಅನ್ನಿಸುತ್ತಿತ್ತು. ಹುಚ್ಚು ಎಂದು ತಲೆ ಕೊಡವಿದರೂ ಪೂರ್ತಿ ಹೋಗಲಿಲ್ಲ. ಈಗಲೂ ಹೋಗಿಲ್ಲ.

ಅಕ್ಕ ತೀರಿಕೊಂಡದ್ದು ಒಂದು ಬೆಳಿಗ್ಗೆ, ಮಲಗಿದಲ್ಲೇ. ನಾನು ಹೋಗುವಷ್ಟರಲ್ಲಿ ಅವರ ಗಂಡನ ಕಡೆಯವರು ಬಂದಿದ್ದರು. ಕ್ಯಾಪ್ಟನ್ ಬಂದು ಬಾಗಿಲಲ್ಲಿ ನಿಂತಿದ್ದರು, ಎಂದಿನ ಹಾಗೆ ಒಳಗೆ ಬರದೆ. ಮಧ್ಯಾಹ್ನ ಗಂಡಸರು ಚಿತಾಗಾರಕ್ಕೆ ಒಯ್ದರು.

ಹಿಂದಿನ ದಿನದ ಕತೆಯನ್ನು ಮಗಳು ನನಗೆ ಹೇಳಿದ್ದು ಆಮೇಲೆ, ಒಳಕೋಣೆಯಲ್ಲಿ. ಸಂಜೆ ತಾಯಿ ತಾವಾಗಿಯೇ, "ರೆಕಾರ್ಡ್ ಹಚ್ಚು" ಅಂದರಂತೆ. ಎಂದೂ ಹಾಗೆ ಅಂದವರಲ್ಲ. ಇವಳು ಗಾಬರಿಯಿಂದ ಲ್ಯಾಪ್‌ಟಾಪ್ ತಂದಳು. ಅವರು ಅದನ್ನು ಮುಂಗೈಯಿಂದ ಆಚೆ ತಳ್ಳಿ, "ಅದು ಬ್ಯಾಡ. ನೀ ಕುಂದ್ರು" ಎಂದು ಅವಳನ್ನು ತಮ್ಮ ಮುಂದೆ ನೆಲದ ಮೇಲೆ ಕೂರಿಸಿಕೊಂಡರು. ಎರಡೂ ಅಂಗೈಗಳನ್ನು ಸೀರೆಗೆ ಒರೆಸಿದರು. ಚಮಚ ಹಿಡಿಯಲಾರದ ಆ ಕೈಗಳು ಅವಳ ಕೂದಲನ್ನು ಎತ್ತಿಕೊಂಡವು.

"ಮೂರು ಪಾಲು ಮಾಡು ಅಂದ್ರು. ಎಡಕಿಂದು ನಡಕ. ಬಲಕಿಂದು ನಡಕ. ಬಿಗಿ. ಅಷ್ಟೇ ಹೇಳ್ತಾ ಹೇಳ್ತಾ ಕೊನೇವರೆಗೂ ಹಾಕಿದ್ರು ಆಂಟಿ. ಒಂದ್ಸಲಾನೂ ಕೈ ನಡುಗ್ಲಿಲ್ಲ."

ಸ್ಕೂಲು ಬಿಟ್ಟ ಮೇಲೆ ಅವಳು ಜಡೆ ಹಾಕಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ಈಗ ಅವಳ ಬೆನ್ನ ಮೇಲೆ ಬಿಗಿಯಾದ ಒಂದು ಜಡೆ ಬಿದ್ದಿತ್ತು. ಹಾಲಿನಿಂದ ಅವಳ ಅತ್ತೆ, ತಂದೆಯ ಅಕ್ಕ, ಮತ್ತೆ ಮತ್ತೆ ಕೂಗುತ್ತಿದ್ದರು: "ಪೋಯ್ ತಲೈಕ್ಕು ಕುಳಿ ಮಾ." ಹೋಗಿ ತಲೆಗೆ ಸ್ನಾನ ಮಾಡಿಕೋ, ಗಂಡಸರು ಬರುವ ಹೊತ್ತಾಯಿತು ಎಂದು.

ಅವಳು ನನಗೆ ಬೆನ್ನು ಮಾಡಿ ನೆಲದ ಮೇಲೆ ಕೂತಳು.

"ಅವ್ವ ಹಾಕಿದ್ ಜಡಿ ಆಂಟಿ. ನನ್ನ ಕೈಲಿ ಬಿಚ್ಚಾಕ ಆಗವಲ್ದು. ನೀವು ಬಿಚ್ಚಿ."

ನಾನು ತುದಿಯಿಂದ ಬಿಚ್ಚತೊಡಗಿದೆ. ಒಂದೊಂದು ಎಳೆಯನ್ನೂ ಅದು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತಾ ಬುಡದವರೆಗೆ ಹೋದೆ. ಪೂರ್ತಿ ಬಿಚ್ಚಿದ ಮೇಲೂ ಕೂದಲು ನೇರವಾಗಲಿಲ್ಲ. ತಾಯಿ ಮಡಿಸಿದಂತೆಯೇ ಅಲೆಯಲೆಯಾಗಿ ಬೆನ್ನ ತುಂಬ ನಿಂತಿತ್ತು. ಅವಳು ಕೈ ಹಿಂದೆ ತಂದು ಅದನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಎದ್ದು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು.

ನೀರು ಬಿಟ್ಟ ಸದ್ದು ಮಾತ್ರ ಬಹಳ ಹೊತ್ತು ಕೇಳಿಸಲಿಲ್ಲ.